ಒಂದು ರೂಪಾಯಿ ನೋಟಿನ ಅಂಕಲ್

ಅಮೆರಿಕದ ಟೊರೆನ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯಲ್ಲಿದ್ದ ಧಾರವಾಡದ ಅಂಕಲ್, ಮನೆಗೆ ಯಾರೇ ಬರಲಿ, ಚಹಾಕ್ಕೂ ಮೊದಲು ಒಂದು ರೂಪಾಯಿಯ ಹಳೆಯ ನೋಟು ತೋರಿಸುತ್ತಿದ್ದರು. ಮಹಾಯುದ್ಧದ ಕಾಲದಲ್ಲಿ ಜನ ಬೆಳ್ಳಿ ರೂಪಾಯಿಗಳನ್ನು ಮಡಕೆಯಲ್ಲಿ ಹೂತಿಟ್ಟಾಗ ಬ್ರಿಟಿಷ್ ಸರ್ಕಾರ ಅವಸರದಲ್ಲಿ ಅಚ್ಚು ಹಾಕಿಸಿದ ನೋಟು ಅದು. ಕನ್ನಡಕವನ್ನು ಹಣೆಗೇರಿಸಿ, ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಲ್ಲಾರೂ ಮುಚ್ಚಿಟ್ಕೊಂಡ್ರ ಪ್ಯಾಟ್ಯಾಗ ಏನ್ ಉಳೀತೈತ್ರಿ?" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು.

ಕೊರೊನಾದ ವರ್ಷ ಇಲ್ಲೂ ಚಿಲ್ಲರೆಗೆ ಬರ ಬಂತು. ನಮ್ಮ ಕಟ್ಟಡದ ವಾಷಿಂಗ್ ಮೆಷಿನ್ನಿಗೆ ಕ್ವಾರ್ಟರ್ ಎನ್ನುವ ಇಪ್ಪತ್ತೈದು ಸೆಂಟಿನ ನಾಣ್ಯವನ್ನೇ ಹಾಕಬೇಕು. ಕೆಳಗಿನ ಮನೆಯ ನರ್ಸ್ ನಾಣ್ಯ ಸಿಗದೆ ಆಸ್ಪತ್ರೆಯ ಬಟ್ಟೆಯನ್ನು ಬಾತ್‌ಟಬ್ಬಿನಲ್ಲಿ ಒಗೆಯುತ್ತಿದ್ದಾಳೆ ಎಂದು ಒಮ್ಮೆ ಮೆಟ್ಟಿಲ ಬಳಿ ಅಂಕಲ್‌ಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಆಲ್ಬಮ್ ತಂದರು. ಅಮೆರಿಕದ ಒಂದೊಂದು ರಾಜ್ಯದ ಹೆಸರಿರುವ ಕ್ವಾರ್ಟರ್‌ಗಳನ್ನು ವರ್ಷಗಟ್ಟಲೆ ಹುಡುಕಿ ಅದರ ದುಂಡನೆಯ ಗುಂಡಿಗಳಲ್ಲಿ ಕೂಡಿಸಿದ್ದರು. ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ತೆಗೆದು ಡಬ್ಬಿಗೆ ಹಾಕತೊಡಗಿದರು.

"ಅಂಕಲ್, ಇದು ನಿಮ್ ಕಲೆಕ್ಷನ್ ಅಲ್ವಾ?" ಎಂದೆ.

"ನಾನೂ ಮುಚ್ಚಿಟ್ಕೊಂಡಿದ್ನಿ ನೋಡ್ರಿ," ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು.

ಆಮೇಲೆ ಬಂದವರಿಗೆಲ್ಲ ನೋಟಿನ ಜೊತೆ ಆ ಆಲ್ಬಮನ್ನೂ ತೋರಿಸುತ್ತಿದ್ದರು. "ಇದು ಟೆಕ್ಸಾಸ್, ಇದು ಓಹಾಯೊ," ಎಂದು ಖಾಲಿ ಗುಂಡಿಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ.