ಮಹಡಿ ಮನೆಯಲ್ಲಿ ಊಟ, ನಮ್ಮ ಮನೆಯಲ್ಲಿ ಬಾಳೆಹಣ್ಣು

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಅದೂ ನಮ್ಮದೇ ಮನೆಯಲ್ಲಿ ಕೂತು. ನನ್ನ ಗೆಳತಿ ನಮ್ಮ ಬಾಗಿಲನ್ನು ದಾಟಿ, ಮೆಟ್ಟಿಲು ಹತ್ತಿ, ಮಹಡಿ ಮನೆಗೆ ಊಟಕ್ಕೆ ಹೋಗುತ್ತಿದ್ದಳು. ಹೋಗುವಾಗ ಕಿಟಕಿಯಲ್ಲಿ ಇಣುಕಿ, “ಏನೇ, ಆಯ್ತಾ ಕೆಲ್ಸ?” ಎಂದು ಕೇಳುತ್ತಿದ್ದಳು. ಆಯ್ತು ಎನ್ನುತ್ತಿದ್ದೆ. ಆಮೇಲೆ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆಯುತ್ತಿದ್ದೆ.

ನಾವು ಸಿಂಗಾಪುರದ ಹಳಬರು; ವಿದೇಶದ ಸಿಂಗಾಪುರವಲ್ಲ, ನಗರ ಬೆಳೆದು ನುಂಗಿಕೊಂಡ ನಮ್ಮ ಹಳ್ಳಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಟ್ಟಡ ಎದ್ದಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಗೆಳತಿ ಎರಡು ಬೀದಿ ಆಚೆಯ ಮುಸಲ್ಮಾನರ ಮನೆಯವಳು. ಮಕ್ಕಳನ್ನು ಶಾಲೆಗೆ ಬಿಡಲು ಹೋಗಿ ಗೇಟಿನ ಮುಂದೆ ಪರಿಚಯವಾದವರು ನಾವು. ಆ ಮಕ್ಕಳಿಗೆ ಮದುವೆಯಾಯಿತು, ನಮ್ಮ ಮಾತು ಇನ್ನೂ ಮುಗಿದಿಲ್ಲ. ನನ್ನ ಗಂಡನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವಳು ಅವಳು, ನನ್ನ ಒಡಹುಟ್ಟಿದ ತಂಗಿಯಲ್ಲ. ಅಂಥವಳು ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಬಾಯಿಗೆ ಹಾಕಿಕೊಂಡದ್ದು ಬಾಳೆಹಣ್ಣು, ಕಡಲೆಕಾಯಿ, ಎಳನೀರು. ಸಿಪ್ಪೆ ಇರುವ ಪದಾರ್ಥ ಮಾತ್ರ.

ಕಾರಣ ಇಬ್ಬರಿಗೂ ಗೊತ್ತಿತ್ತು. ನಮ್ಮ ಮನೆಯ ಗಂಡಸರು ಹಂದಿ ಮಾಂಸ ತಿನ್ನುತ್ತಾರೆ, ನಾನೂ ತಿನ್ನುತ್ತೇನೆ. ಹಾಗಂತ ಅದು ಅಡುಗೆಮನೆಗೆ ಬರುವುದಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದಕ್ಕೆಂದೇ ಒಂದು ಪಾತ್ರೆ, ಒಂದು ಸೌಟು. ತಿಂದವರು ಮೈಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಇದು ನಮ್ಮತ್ತೆಯ ಕಾನೂನು. “ಅಂದಿ ಒಳೀಕ್ ಬರಂಗಿಲ್ಲ, ಮನೆದೇವ್ರು ಅವ್ನೆ” ಎನ್ನುತ್ತಾರೆ. ತಿನ್ನಬಹುದು, ಒಳಗೆ ತರಬಾರದು. ದೇವರಿಗೆ ಹಿತ್ತಲು ಕಾಣಿಸುವುದಿಲ್ಲವೇ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಅತ್ತೆ ಹಿತ್ತಲ ಸೌಟನ್ನು ನನ್ನ ಕೈಗೆ ಕೊಟ್ಟು ಒಲೆಯ ಕಡೆ ಕಳಿಸಿದರು.

ಮಹಡಿ ಮನೆಗೆ ಬಾಡಿಗೆಗೆ ಬಂದವಳು ಮೊಟ್ಟೆಯನ್ನೂ ಮುಟ್ಟದವಳು. ಎದುರಿಗೆ ಬಹುವಚನ ಕೊಡುತ್ತೇನೆ, ಮನಸ್ಸಿನಲ್ಲಿ ಅವಳಿಗೆ ಏಕವಚನವೇ. ಮನೆ ಕೊಟ್ಟವಳು ನಾನು, ಗೆಳತಿಯನ್ನು ಪರಿಚಯ ಮಾಡಿಸಿದವಳೂ ನಾನು. ತಿಂಗಳು ಕಳೆಯುವಷ್ಟರಲ್ಲಿ ಗೆಳತಿ ಅಲ್ಲಿ ನೆಲದ ಮೇಲೆ ಕೂತು ಹುಳಿ ಅನ್ನ ಉಣ್ಣುತ್ತಿದ್ದಳು. ಮಾಂಸವೇ ಇಲ್ಲದ ಮನೆಯಲ್ಲಿ ಆಗದ ಮಾಂಸದ ಭಯವಿಲ್ಲವಲ್ಲ. ಕುರಿ, ಕೋಳಿ, ಮೀನು ಎಲ್ಲ ಅವಳ ಹಾಗೇ ತಿನ್ನುವ ನನ್ನ ಮನೆಯಲ್ಲಿ ಬಾಳೆಹಣ್ಣು. ಅವಳ ಮನೆಯ ಊಟದ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವವಳ ಮನೆಯಲ್ಲಿ ಎರಡನೇ ಸಲ ಅನ್ನ. ಇದನ್ನು ನೋಡಿ ನನ್ನ ಹೊಟ್ಟೆ ಉರಿಯದಿದ್ದರೆ ನಾನು ಮನುಷ್ಯಳೇ ಅಲ್ಲ.

ಆ ಉರಿಯಲ್ಲೇ ನಾನು ಈ ಹಂದಿಯ ಬೆನ್ನು ಹತ್ತಿದೆ. ಯಾಕೆ ಆಗುವುದಿಲ್ಲ ಎಂದು ಸಿಕ್ಕವರನ್ನೆಲ್ಲ ಕೇಳಿದೆ. ನನ್ನ ಗಂಡ, “ಹೊಟ್ಟೇಲಿ ಹುಳ ಆಗುತ್ತೆ ಅಂತ, ಆ ಕಾಲದಲ್ಲಿ ಫ್ರಿಜ್ ಎಲ್ಲಿತ್ತು” ಎಂದರು. ಹಾಗಿದ್ದರೆ ಡಾಕ್ಟರು ಹೇಳಿದ್ದರೆ ಸಾಕಿತ್ತು, ದೇವರು ಯಾಕೆ ಹೇಳಬೇಕಿತ್ತು? ಬಿಸಿಲು ನಾಡಿನಲ್ಲಿ ಹಂದಿಗೆ ನೀರು, ನೆರಳು ಒದಗಿಸುವುದು ಕಷ್ಟ, ಅದಕ್ಕೇ ಬಿಟ್ಟಿರಬೇಕು ಎಂದು ಎಲ್ಲೋ ಓದಿದೆ. ಯಹೂದಿಗಳಿಗೂ ಹಂದಿ ಆಗುವುದಿಲ್ಲವಂತೆ. ಪ್ರಾಣಿಯ ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು ಎಂಬುದು ಅವರ ನಿಯಮ. ಹಂದಿಯ ಗೊರಸು ಸೀಳಿದೆ, ಆದರೆ ಮೆಲುಕು ಹಾಕುವುದಿಲ್ಲ. ಪಾಪ, ಒಂದು ಸಬ್ಜೆಕ್ಟಿನಲ್ಲಿ ಫೇಲಾದ ಪ್ರಾಣಿ ಎಂದು ಅದರ ಮೇಲೆ ಕನಿಕರ ಬಂತು. ಇನ್ನು ದನದ ಮಾಂಸ ನಮ್ಮ ಮನೆಯಲ್ಲಿ ನಿಷೇಧ, ಆದರೆ ಕೊಳಕು ಎಂದಲ್ಲ, ಪೂಜೆ ಮಾಡುತ್ತೇವೆ ಎಂದು. ಒಂದನ್ನು ತೀರಾ ಕೀಳೆಂದು ಬಿಡುತ್ತಾರೆ, ಇನ್ನೊಂದನ್ನು ತೀರಾ ಮೇಲೆಂದು ಬಿಡುತ್ತಾರೆ. ಕೊನೆಗೆ ಗೆಳತಿಯನ್ನೇ ಕೇಳಿದೆ. ಅವಳು ನಕ್ಕಳು.

“ಹುಳ ಗಿಳ ನಂಗೊತ್ತಿಲ್ಲ ಕಣೇ. ನಮ್ ಧರ್ಮದಲ್ಲಿ ಬೇಡ ಅಂತ ಹೇಳಿದೆ, ಬಿಟ್ಟಿದೀವಿ. ನಮ್ಮಮ್ಮನೂ ತಿನ್ಲಿಲ್ಲ, ಅವ್ರಮ್ಮನೂ ತಿನ್ಲಿಲ್ಲ. ಅವ್ರ ಥರಾನೇ ಇರ್ಬೇಕು ಅನ್ಸುತ್ತೆ.”

ನನಗೆ ಸಿಕ್ಕ ಉತ್ತರಗಳಲ್ಲಿ ಇದೊಂದೇ ಒಪ್ಪಿಗೆಯಾದದ್ದು. ಆದರೆ ಅದರಿಂದ ನನ್ನ ಉರಿ ತಣ್ಣಗಾಗಲಿಲ್ಲ.

ಪಿತೃಪಕ್ಷದ ಹಿರಿಯರ ಹಬ್ಬ ಬಂತು. ಅವತ್ತು ತೀರಿಹೋದವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು, ಎಲೆ ತುಂಬ ಬಡಿಸಿ ಎಡೆ ಇಡುತ್ತೇವೆ. ಅದಕ್ಕಿಂತ ದೊಡ್ಡ ಅಡುಗೆ ನಮ್ಮಲ್ಲಿಲ್ಲ. ಈ ಸಲ ಮಹಡಿಯವಳ ಹುಳಿ ಅನ್ನವನ್ನು ಗೆಳತಿ ಮರೆತೇ ಬಿಡಬೇಕು ಎಂದು ಹಟ ಹಿಡಿದೆ. ನಮ್ಮವರು ತಾವೇ ಕುರಿ ಕೊಯ್ದು ಪಾಲು ಹಂಚಿಕೊಳ್ಳುವುದು ರೂಢಿ. ಅದನ್ನು ಬೇಡವೆಂದು, ಗಂಡನನ್ನು ಗೆಳತಿಯ ಮನೆಯವರು ಹಲಾಲ್ ಮಾಂಸ ತರುವ ಅಂಗಡಿಗೇ ಕಳಿಸಿದೆ. ಹೊಸ ಪಾತ್ರೆ, ಹೊಸ ಸೌಟು, ಹೊಸ ತಟ್ಟೆ ತಂದೆ. ಅತ್ತೆ ಗೊಣಗಿದರೂ ತಡೆಯಲಿಲ್ಲ.

ಅಂಗಡಿ, ಪಾತ್ರೆಯ ವಿಷಯ ಗೆಳತಿಗೆ ಮೊದಲೇ ಹೇಳಿದ್ದೆ. ಬಂದಳು, ಕೂತಳು. ಮುದ್ದೆ ಇಟ್ಟು ಮಟನ್ ಸಾರು ಬಿಟ್ಟೆ. ಅವಳು ಮುದ್ದೆ ಮುರಿದಳು. ಇಷ್ಟು ವರ್ಷ ಕಾದಿದ್ದ ಗಳಿಗೆ. ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಹಿರೀಕರ ಎಡೆಯಿಂದ್ಲೇ ಮೊದ್ಲು ನಿಂಗೆ ತೆಗ್ದಿಟ್ಟೆ. ನನ್ ಸ್ವಂತ ಮಕ್ಳಿಗೂ ಇನ್ನೂ ಹಾಕಿಲ್ಲ.”

ಅವಳ ಕೈ ನಿಂತಿತು. “ಎಡೆ ಇಟ್ಟಿದ್ದಾ ಇದು?”

“ಹೂಂ.”

“ಅಯ್ಯೋ. ಬೇರೆಯವರಿಗೆ ಅಂತ ಇಟ್ಟಿದ್ದು ನಾನು ತಿನ್ನಂಗಿಲ್ಲ ಕಣೇ.”

ಎಡೆಯ ಊಟ ಎಂದರೆ ನಮ್ಮಲ್ಲಿ ಪ್ರಸಾದ. ಅದರಲ್ಲಿ ಮೊದಲ ಪಾಲು ಕೊಡುವುದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿರಲಿಲ್ಲ. ಅದೇ ಅವಳಿಗೆ ಆಗದ ಊಟವಾಗಿತ್ತು. ತಟ್ಟೆ ಎತ್ತಿಕೊಂಡೆ. ಅವಳು ನನ್ನನ್ನು ಸಮಾಧಾನ ಮಾಡಲು ಹೋಗಿ ಇನ್ನೂ ಕೆಡಿಸಿದಳು.

“ನಿಂಗೆ ಹೆಂಗ್ ಗೊತ್ತಾಗ್ಬೇಕು, ಬಿಡು. ಮೇಲಿನವ್ರು ನೈವೇದ್ಯಕ್ಕೆ ಇಡೋಕ್ ಮುಂಚೆ ನಂದು ಬೇರೆ ತೆಗ್ದಿಡ್ತಾರೆ. ಅವ್ರು ಮೊದ್ಲೇ ಕೇಳಿದ್ರು.”

ಮೊನ್ನೆ ಮೊನ್ನೆ ಬಂದವಳು ಕೇಳಿ ತಿಳಿದುಕೊಂಡಿದ್ದಾಳೆ. ನಾನೂ ಮುಂದಿನ ವರ್ಷ ಎಡೆ ಇಡುವ ಮೊದಲೇ ನಿನ್ನದು ತೆಗೆದಿಡುತ್ತೇನೆ ಎಂದೆ. ಒಳಗಿನಿಂದ ಅತ್ತೆ, “ಇರೀಕರು ಉಣ್ಣಕಿಂತ ಮುಂಚೆ ಯಾರ್ಗೂ ಇಲ್ಲ. ಉಪ್ಪು ನೋಡಕೂ ಬಾಯಿಗೆ ಹಾಕಂಗಿಲ್ಲ” ಎಂದರು. ಹಿರಿಯರಿಗೆ ಮೊದಲು ಎಂಬುದು ಅವರ ನಿಯಮ, ಹಿರಿಯರಿಗೆ ಇಟ್ಟ ಮೇಲೆ ಬೇಡ ಎಂಬುದು ಇವಳ ನಿಯಮ. ಇಬ್ಬರದೂ ತಪ್ಪಲ್ಲ. ನನಗೆ ಅಳು ಬಂತು.

ಗೆಳತಿ ಬಾಳೆಹಣ್ಣು ಸುಲಿಯುತ್ತ ಹೇಳಿದಳು: “ಹಬ್ಬಾನೇ ಯಾಕ್ ಬೇಕು ನಿಂಗೆ? ಸುಮ್ನೆ ಒಂದಿನ ಕರಿ. ಅವ್ರು ಹಂಗೇ ಕರಿಯೋದು.”

ಮತ್ತೆ ಅವರು. ಆದರೂ ಕರೆದೆ. ಏನೂ ವಿಶೇಷವಿಲ್ಲದ ಒಂದು ಬುಧವಾರ, ಅದೇ ಅಂಗಡಿಯ ಮಾಂಸ, ಅದೇ ಹೊಸ ಪಾತ್ರೆ. ಎಡೆಯಿಲ್ಲ, ಪೂಜೆಯಿಲ್ಲ. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಖಾರಕ್ಕೆ ಮೂಗು ಒರೆಸಿಕೊಂಡಳು. ಮೂಳೆ ಚೀಪಿದಳು. ನಾನು ಊಟ ಮಾಡುವುದನ್ನೂ ಮರೆತು ಅವಳನ್ನೇ ನೋಡುತ್ತ ಕೂತಿದ್ದೆ.

“ಮೇಲೆ ಇವತ್ತು ಪುಳಿಯೋಗರೆ ಮಾಡಿದಾರಂತೆ” ಎಂದಳು. “ನಿಮ್ಮನೇಲಿ ಊಟ ಅಂದಿದ್ದಕ್ಕೆ ಮುಖ ಸಪ್ಪಗೆ ಮಾಡ್ಕೊಂಡ್ರು. ಹೋಗ್ತಾ ಅಲ್ಲೂ ಒಂದ್ ತುತ್ತು ತಿನ್ಕೊಂಡ್ ಹೋಗ್ತೀನಿ. ಸಾಕು ಕಣೇ, ಸ್ವಲ್ಪ ಜಾಗ ಇರ್ಲಿ.”

ನಾನು ಇನ್ನೊಂದು ಮುದ್ದೆ ಇಟ್ಟು, ಮೇಲೆ ಎರಡು ಸೌಟು ಸಾರು ಬಿಟ್ಟೆ.