ಸಾಕ್ಷಿ ಹೇಳಿದ ಬೆಳ್ಳಿ ಸರ

ಕಳೆದ ತಿಂಗಳು ನನ್ನ ಅಕ್ಕನ ವಿರುದ್ಧ ಒಂದು ಸರ ಸಾಕ್ಷಿ ಹೇಳಿತು.

ಬೆಳ್ಳಿಯ ಸರ. ಹಗ್ಗ ಹೊಸೆದಂತೆ ಹುರಿ ಹುರಿಯಾಗಿ ಹೆಣೆದದ್ದು, ತುದಿಗೊಂದು ಪುಟ್ಟ ತಾಯಿತ. ಹಳಿಯಾಳದಲ್ಲಿರುವ ಅವಳ ಅತ್ತೆಮನೆಯಲ್ಲಿ ಬಸುರಿ ಸೊಸೆ ಅದನ್ನು ಹಾಕಿಕೊಳ್ಳಬೇಕೆಂಬುದು ಪದ್ಧತಿ. ಅಲ್ಲಿಯವರೆಗೆ ದೇವರ ಕೊರಳಲ್ಲಿ ಬೆಳ್ಳಗಿದ್ದ ಸರವನ್ನು ಅಕ್ಕ ಹಾಕಿಕೊಂಡಳು. ಸರ ಕಪ್ಪಾಯಿತು.

ಇಷ್ಟೇ ಆಗಿದ್ದರೆ ನಾನು ಈ ವಾರದ ಅಂಕಣದಲ್ಲಿ ನಮ್ಮ ದಾಂಡೇಲಿಯ ಮಂಗಗಳ ಬಗ್ಗೆ ಬರೆಯುತ್ತಿದ್ದೆ. ಆದರೆ ಅಕ್ಕನ ಅತ್ತೆ ನೀಲವ್ವನವರ ಪ್ರಕಾರ ಬೆಳ್ಳಿ ಸುಮ್ಮಸುಮ್ಮನೆ ಕಪ್ಪಾಗುವುದಿಲ್ಲ. ಮೈಯಲ್ಲಿ ನಂಜಿದ್ದರೆ ಅದನ್ನು ಹೀರಿಕೊಂಡು ಹೊರಗೆ ತೋರಿಸುತ್ತದೆ. ಸರಿ, ಬಸುರಿಯ ಮೈಯ ನಂಜು ಯಾರಿಗೆ ಹೋಗುತ್ತದೆ? ಅದನ್ನವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಕ್ಕನಿಗೆ ಹಿಂದೊಮ್ಮೆ ಗರ್ಭ ನಿಂತಿರಲಿಲ್ಲ. ಈ ಸಲ ಡಾಕ್ಟರು, ಸ್ಕ್ಯಾನು, ರಕ್ತಪರೀಕ್ಷೆ ಎಲ್ಲವೂ ಮಗು ಚೆನ್ನಾಗಿದೆ ಎಂದಿದ್ದವು. ಆ ಕಡೆ ಅಷ್ಟು ಸಾಕ್ಷಿಗಳು, ಈ ಕಡೆ ಒಂದೇ ಒಂದು ಸರ. ಬಿ.ಎಸ್ಸಿ. ಓದಿದ ನನ್ನ ಅಕ್ಕ ಯಾರನ್ನು ನಂಬಿದಳು? ಸರವನ್ನು. (ಹಳಿಯಾಳದಲ್ಲಿ ಮಾಸ್ತರನ್ನೂ ‘ಸರ’ ಎನ್ನುತ್ತಾರೆ. ಇಬ್ಬರಿಗೂ ಎದುರು ಮಾತಾಡುವಂತಿಲ್ಲ.)

ಫೋನಿನಲ್ಲಿ ಅವಳ ದನಿ ಬತ್ತಿಹೋಗಿತ್ತು. ಅನ್ನ ಸೇರುತ್ತಿಲ್ಲ, ಕಣ್ಣಿಗೆ ನಿದ್ದೆಯಿಲ್ಲ, ಎಲ್ಲಿ ಹೋದರೂ ಇಂಗಿನ ವಾಸನೆ ಬಂದು ಹೊಟ್ಟೆ ತೊಳೆಸುತ್ತದೆ, ಗುಡಿಯಲ್ಲಿ ಕೂತರೂ ಅದೇ ವಾಸನೆ. ಅದೆಲ್ಲ ಬಸುರಿಯ ಮೂಗು, ಬಿಡು ಎಂದೆ. ಸರದ ವಿಷಯ ಹೇಳು ಎಂದೆ.

“ಬೆಳ್ಳಿ ಸುಳ್ಳು ಹೇಳೂದಿಲ್ಲಂತ, ಪಮ್ಮಿ. ಚಿಗಳ್ಳಿಯಾಕಿ ಕೊರಳಾಗೂ ಹಿಂಗ ಕರಿ ಆಗಿತ್ತಂತ.”

ಚಿಗಳ್ಳಿಯಾಕಿ ಎಂದರೆ ಶಾಂತವ್ವ, ನೀಲವ್ವನವರ ನೆಗೆಣ್ಣಿ. ಅವರ ಗಂಡ ನೀಲವ್ವನವರ ಮೈದುನ. ಎರಡೂ ಸಂಸಾರ ಒಂದೇ ಮನೆಯಲ್ಲಿದ್ದಾಗ ಶಾಂತವ್ವ ಬಸುರಿಯಾದರು, ಇದೇ ಸರ ಅವರ ಕೊರಳಲ್ಲೂ ಕಪ್ಪಾಯಿತು, ಮಗು ಉಳಿಯಲಿಲ್ಲ. ಆಮೇಲೆ ಆ ದಂಪತಿ ಮುಂಡಗೋಡ ಕಡೆಯ ಚಿಗಳ್ಳಿಗೆ ಹೋಗಿ ಹೊಲ ಮಾಡಿಕೊಂಡರು. ಮದುವೆಗೆ ಕರೆದರೆ ಶಾಂತವ್ವ ಬರುತ್ತಾರೆ, ಉಂಡು ಹೋಗುತ್ತಾರೆ. ಬಸುರಿಯ ಕುಬಸ, ಕೂಸಿನ ತೊಟ್ಟಿಲಿಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ. ಯಾಕೆಂದು ಯಾರೂ ಕೇಳುವುದಿಲ್ಲ.

ನಾನು ಕಾಲೇಜಿನಲ್ಲಿ ಡಿಬೇಟ್ ಮಾಡಿ ಬೆಳೆದವಳು. ಒಂದು ಉದಾಹರಣೆ ಪುರಾವೆಯಲ್ಲ ಎಂಬುದು ನಮಗೆ ಕಲಿಸಿದ ಮೊದಲ ಪಾಠ. ಮರುದಿನವೇ ಹಳಿಯಾಳದ ಬಸ್ಸು ಹತ್ತಿದೆ.

ನನ್ನ ಮೊದಲ ಅನುಮಾನ ಬೆಳ್ಳಿಯ ಮೇಲೆ. ಕಲಬೆರಕೆ ಇರಬೇಕು. ಹೇಗೂ ಕುಬಸಕ್ಕೆ ತವರಿನಿಂದ ಅಕ್ಕನಿಗೊಂದು ಬಂಗಾರದ ಚೈನು ಕೊಡುವುದಿತ್ತು. ಅದೇ ನೆಪ ಮಾಡಿ ಅವಳನ್ನು ಪೇಟೆಯ ಪತ್ತಾರರ ಅಂಗಡಿಗೆ ಕರೆದೊಯ್ದೆ. ಕಪ್ಪು ಸರವನ್ನು ಗಾಜಿನ ಮೇಲಿಟ್ಟು, ಅಕ್ಕಸಾಲಿಗರು ಅಕ್ಕನ ಚಿನ್ನವನ್ನೂ ಬಿಡುವುದಿಲ್ಲವಂತೆ, ಹೌದೇ ಎಂದು ಕೇಳಿದೆ. (ಎದುರಾಳಿಯನ್ನು ಮೊದಲು ಕೆಣಕಬೇಕು. ಅದು ಎರಡನೇ ಪಾಠ.)

ಪತ್ತಾರರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

“ನನಗ ಅಕ್ಕನs ಇಲ್ರಿ ಬಾಯಿ. ಬರೇ ತಮ್ಮಂದಿರದಾರ. ಅವರs ನಂದು ತಿಂತಾರ.”

ಕಲ್ಲಿಗೆ ಉಜ್ಜಿದರು, ಆಸಿಡ್ಡಿನ ಹನಿ ಹಾಕಿದರು. ಅಪ್ಪಟ ಬೆಳ್ಳಿ. ಹಳೆಯ ಕೈಕೆಲಸ, ಈಗ ಇಂಥ ಹುರಿ ಯಾರೂ ಹೆಣೆಯುವುದಿಲ್ಲ ಎಂದರು. ಮತ್ತೆ ಕಪ್ಪೇಕಾಯಿತು? ಬೆಳ್ಳಿಗೆ ಕಪ್ಪಾಗಲು ನೂರು ಕಾರಣ, ಬೆವರು, ಗಾಳಿ, ಮೊಟ್ಟೆ, ಗಂಧಕದ ಮುಲಾಮು, ಇಡುವ ಜಾಗ. ನೂರರಲ್ಲಿ ನಿಮ್ಮದು ಯಾವುದೋ ನನಗೇನು ಗೊತ್ತು ಎಂದು ಸರವನ್ನು ತೊಳೆದುಕೊಟ್ಟರು. ನನ್ನ ಮೊದಲ ವಾದ ಅಲ್ಲೇ ಬಿದ್ದಿತು.

ಬಿದ್ದರೇನು, ಬಂಗಾರದ ಚೈನು ನೋಡುವುದಿತ್ತಲ್ಲ. ಮೇಲ್ಮೈಯ ಮೇಲೆ ಕೆತ್ತನೆ, ಹೆಣಿಗೆ, ಹುರಿ ಇರುವ ಚೈನುಗಳಲ್ಲಿ ಎಷ್ಟು ಜಾತಿ ಅಂತೀರಿ! ಗೋಧಿತೆನೆಯಂಥದು, ಹಾವಿನ ಮೈಯಂಥದು, ಹಗ್ಗದಂಥದು, ಮಿಣಮಿಣ ಮಿನುಗಲೆಂದು ಗೀರು ಹಾಕಿದ್ದು. ನುಣುಪು ಚೈನಿನ ಮೇಲೆ ಒಂದು ಗೀಚು ಬಿದ್ದರೂ ಎದ್ದು ಕಾಣುತ್ತದೆ, ಒರಟು ಮೈಯದು ಹತ್ತು ಗೀಚನ್ನು ನುಂಗಿಕೊಳ್ಳುತ್ತದೆ. ಹಾಗೆಂದು ಅದು ಸಾಧುವಲ್ಲ. ಅರಿಸಿನ, ಕುಂಕುಮ, ಪೌಡರು ಎಲ್ಲ ಅದರ ಸಂದಿಯಲ್ಲೇ ಮನೆ ಮಾಡುತ್ತವೆ. ಉಗುರುಬೆಚ್ಚಗಿನ ಅಂಟುವಾಳದ ನೀರು, ಮಕ್ಕಳ ಮೆತ್ತನೆಯ ಬ್ರಷ್ಷು, ಆಮೇಲೆ ಪೂರ್ತಿ ಒಣಗಿಸುವುದು, ಇಷ್ಟು ಸಾಕು. ಫಳಫಳ ಬೇಕೆಂದು ಮತ್ತೆ ಮತ್ತೆ ಪಾಲಿಶ್‌ಗೆ ಕೊಟ್ಟರೆ ಗೀರಿನ ಅಂಚು ಸವೆಯುತ್ತದೆ, ಬಂಗಾರವೂ ಸವೆಯುತ್ತದೆ. ದಪ್ಪನೆಯ ಹಗ್ಗದ ಚೈನು ಕೈಗೆ ಹಗುರ ಎನಿಸಿದರೆ ಒಳಗೆ ಪೊಳ್ಳು. ನೆಗ್ಗಿದರೆ ರಿಪೇರಿ ಕಷ್ಟ. ಹಾವಿನ ಚೈನನ್ನು ಮಡಚಿಟ್ಟರೆ ಮಡಿಕೆ ಬಿದ್ದಲ್ಲೇ ಮುರಿಯುತ್ತದೆ.

ನನಗೆ ತುಂಬ ಹಿಡಿಸಿದ್ದು ಸೆರಗಿನ ಪರೀಕ್ಷೆ. ಚೈನನ್ನು ಸೀರೆಯ ಸೆರಗಿನ ಮೇಲೆ ಮೆಲ್ಲಗೆ ಎಳೆಯಬೇಕು. ಎಳೆ ಸಿಕ್ಕಿಕೊಂಡರೆ ಚೈನನ್ನು ಅಲ್ಲೇ ಬಿಟ್ಟು ಬರಬೇಕು. ಸೆರಗಿಗೆ ಸಿಗುವುದು ಹೆರಳಿನ ಕೂದಲಿಗೆ ಸಿಗದೇ ಇರುತ್ತದೆಯೇ? ಸುಮ್ಮನೆ ಕುತೂಹಲಕ್ಕೆ ಅದೇ ಪರೀಕ್ಷೆಯನ್ನು ಬೆಳ್ಳಿ ಸರದ ಮೇಲೂ ಮಾಡಿದೆ. ಎರಡೆಳೆ ಎದ್ದು ಬಂದವು. ನಕ್ಕು ಸುಮ್ಮನಾದೆ. ಅಲ್ಲೇ ಯೋಚಿಸಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಬಂಗಾರದ್ದು ಗೋಧಿತೆನೆಯ ಹೆಣಿಗೆಯದು ಆಯಿತು. ಮನೆಗೆ ಬಂದು ನೀಲವ್ವನವರ ಮುಂದೆ ಸವಾಲು ಇಟ್ಟೆ. ತೊಳೆದ ಬೆಳ್ಳಿ ಸರವನ್ನು ನಾನು ಒಂದಷ್ಟು ದಿನ ಹಾಕಿಕೊಳ್ಳುತ್ತೇನೆ. ಅಕ್ಕನ ರಕ್ತವೇ ನನ್ನದೂ. ನಾನು ಬಸುರಿಯಲ್ಲ, ರೋಗಿಯೂ ಅಲ್ಲ. ನನ್ನ ಕೊರಳಲ್ಲೂ ಕಪ್ಪಾದರೆ ನಿಮ್ಮ ನಂಜಿನ ಮಾತು ಸುಳ್ಳು. ಒಪ್ಪಿಗೆಯೇ?

ಒಪ್ಪಿದರು. ದಾಂಡೇಲಿಗೆ ಬಂದು ಸ್ನಾನಕ್ಕೂ ತೆಗೆಯದೆ, ಮಲಗುವಾಗಲೂ ತೆಗೆಯದೆ ಹಾಕಿಕೊಂಡೆ. ಹುರಿ ಹಿಂಗತ್ತಿನ ಕೂದಲನ್ನು ಕೀಳುತ್ತಿತ್ತು, ಆದರೂ ಬಿಡಲಿಲ್ಲ. ವಿಜ್ಞಾನಕ್ಕಾಗಿ ಒಂದಿಷ್ಟು ಕೂದಲು ಕೊಡಬಾರದೇ?

ಸರ ಬೆಳ್ಳಗೇ ಉಳಿಯಿತು.

ನಾನೇ ಕಟ್ಟಿದ ಪ್ರಯೋಗ, ನಾನೇ ಹಾಕಿದ ಷರತ್ತು. ಗೆದ್ದವರು ನೀಲವ್ವ. ಮುಂದಿನ ವಾರ ಸರ ಹಿಂದಿರುಗಿಸಲು ಹೋದಾಗ ನನ್ನ ಸ್ಥಿತಿ ಇಂಗು ತಿಂದ ಮಂಗನದು. (ಈ ಮಾತನ್ನು ನೆನಪಿಟ್ಟುಕೊಳ್ಳಿ.) ನೀಲವ್ವ ಬೀಗಲಿಲ್ಲ. ಅವರ ಮುಖದಲ್ಲಿದ್ದದ್ದು ಗೆಲುವಲ್ಲ, ಹೆದರಿಕೆ. ಮೊಮ್ಮಗು ಅವರಿಗೂ ಬೇಕಲ್ಲ? ಅಕ್ಕ ಸರವನ್ನು ಕೈಯಲ್ಲಿ ಹಿಡಿದು ನೋಡಿದಳು, ಒಳಗೆ ಹೋದಳು. ಹಿಂದೆ ಹೋದೆ.

“ನಿನ್ನ ಕೊರಳಾಗ ಬೆಳ್ಳಗ ಐತಿ, ಪಮ್ಮಿ. ಈಗ ಏನಂತೀ?”

ಡಿಬೇಟಿನಲ್ಲಿ ಸೋತರೆ ಸರ್ಟಿಫಿಕೇಟಾದರೂ ಸಿಗುತ್ತದೆ. ಇಲ್ಲಿ ನಾನು ಅಕ್ಕನ ಹೆದರಿಕೆಗೆ ಪುರಾವೆ ತಂದುಕೊಟ್ಟಿದ್ದೆ.

ಆ ದಿನ ಅಲ್ಲೇ ಉಳಿದೆ. ಊಟವಾದ ಮೇಲೆ ಅಕ್ಕ ಹಾಸಿಗೆ ಹಾಸಿ, ಸರ ತೆಗೆದು ಅಡುಗೆಮನೆಗೆ ಹೊರಟಳು. ಎಲ್ಲಿಗೆ ಎಂದರೆ, ಮಲಗಿದಾಗ ಚುಚ್ಚುತ್ತದೆ, ಕೂದಲು ಎಳೆಯುತ್ತದೆ, ಅದಕ್ಕೇ ರಾತ್ರಿ ಡಬ್ಬಿಯಲ್ಲಿಡುತ್ತೇನೆ ಎಂದಳು. ಯಾವ ಡಬ್ಬಿ? ಅವಳು ಗೋಡೆಯ ಮೇಲಿನ ಮಾಡದಿಂದ ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಒಗ್ಗರಣೆ ಹಾಕಿದಂತೆ ವಾಸನೆ ಮುಖಕ್ಕೆ ಬಡಿಯಿತು.

ಇಂಗಿನ ಡಬ್ಬಿ. ಮೇಲೆ ಇಂಗಿನ ಗಟ್ಟಿಗಳು, ಅವುಗಳ ಕೆಳಗೆ ಬಟ್ಟೆಯ ಗಂಟಿನಲ್ಲಿ ಮನೆಯ ಒಡವೆ. ಇದು ನೀಲವ್ವನವರ ಅತ್ತೆ ಹಾಕಿಕೊಟ್ಟ ಪದ್ಧತಿ. ಕಳ್ಳ ಬಂದರೆ ತಿಜೋರಿ ನೋಡುತ್ತಾನೆ, ದೇವರ ಮನೆ ನೋಡುತ್ತಾನೆ, ಇಂಗಿನ ಡಬ್ಬಿ ತೆರೆದರೆ ಮೂಗು ಮುಚ್ಚಿಕೊಂಡು ಹೋಗುತ್ತಾನೆ. (ಕಳ್ಳನಿಗೆ ನೆಗಡಿಯಾಗಿದ್ದರೆ? ಕೇಳಬೇಕೆನಿಸಿತು, ಕೇಳಲಿಲ್ಲ.)

ಗಂಟಿನ ಬಟ್ಟೆಯನ್ನು ಮೂಗಿಗೆ ಹಿಡಿದೆ, ಅದಕ್ಕೂ ಇಂಗಿನದೇ ವಾಸನೆ. ಇಂಗಿನಲ್ಲಿ ಗಂಧಕದ ಅಂಶವಿದೆ, ಬೆಳ್ಳಿಗೂ ಗಂಧಕಕ್ಕೂ ಆಗುವುದಿಲ್ಲ ಎಂಬುದು ನಾವೆಲ್ಲ ಶಾಲೆಯಲ್ಲಿ ಓದಿ ಮರೆತದ್ದು. ಹಗಲು ಕೊರಳಲ್ಲಿ, ರಾತ್ರಿ ಇಂಗಿನಲ್ಲಿ. ಅಕ್ಕನನ್ನು ಊರೆಲ್ಲ ಅಟ್ಟಿಸಿಕೊಂಡು ಬರುತ್ತಿದ್ದ ವಾಸನೆ ಅವಳ ಕೊರಳಿನಲ್ಲೇ ಇತ್ತು. ಅವಳು ಮೊದಲ ದಿನವೇ ಹೇಳಿದ್ದಳು. ಬಸುರಿಯ ಮೂಗಿನ ಮಾತನ್ನು ಯಾರು ಸಾಕ್ಷಿಯೆಂದು ಬರೆದುಕೊಳ್ಳುತ್ತಾರೆ?

ಬೆಳಿಗ್ಗೆ ಈ ವಾದವನ್ನು ನೀಲವ್ವನವರ ಮುಂದಿಟ್ಟೆ. ಅವರು ಸುಲಭಕ್ಕೆ ಬಗ್ಗುವವರಲ್ಲ. ಹಾಗಾದರೆ ಅದೇ ಡಬ್ಬಿಯಲ್ಲಿ ಅಷ್ಟು ವರ್ಷದಿಂದ ಇರುವ ತಮ್ಮ ಬಂಗಾರದ ಬೋರಮಾಳ ಸರ ಯಾಕೆ ಕಪ್ಪಾಗಿಲ್ಲ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಿರ್ಣಾಯಕಿಯಾಗಿದ್ದರೆ ಅಂಕ ಕೊಡುತ್ತಿದ್ದೆ. ಬಂಗಾರ ಯಾರ ಸಹವಾಸವನ್ನೂ ಮೈಗೆ ಹಚ್ಚಿಕೊಳ್ಳುವುದಿಲ್ಲ, ಬೆಳ್ಳಿ ಹಚ್ಚಿಕೊಳ್ಳುತ್ತದೆ ಎಂದೆ. ಮಾತು ಸಾಲದು, ತೋರಿಸು ಎಂದರು.

ನನ್ನ ಬೆರಳಿನ ಬೆಳ್ಳಿ ಉಂಗುರವನ್ನು ಡಬ್ಬಿಗೆ ಹಾಕಿದೆವು. ಅಕ್ಕ ಸರ ಹಾಕಿಕೊಂಡಳು. ರಾತ್ರಿ ತೆಗೆದರೆ ಹತ್ತಿಬಟ್ಟೆಯಲ್ಲಿ ಸುತ್ತಿ ದಿಂಬಿನ ಪಕ್ಕ, ಡಬ್ಬಿಯ ಕಡೆ ಹೋಗುವಂತಿಲ್ಲ. ಮುಂದಿನ ಭಾನುವಾರ ಅಪ್ಪ, ಅವ್ವ ಸಹಿತ ಹೋದೆವು. ಉಂಗುರ ಹಂಚಿನ ತಳದಂತಾಗಿತ್ತು. ಅಕ್ಕನ ಕೊರಳಲ್ಲಿ ಸರ ಬೆಳ್ಳಗಿತ್ತು.

ನೀಲವ್ವ ಉಂಗುರವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಹಂಗಾರ ನಮ್ಮ ಇಂಗಿಗೇ ಯಾರದೋ ದೃಷ್ಟಿ ಆಗೇತಿ.”

ಅಕ್ಕ ನಕ್ಕಳು. ಎಷ್ಟೋ ವಾರಗಳ ಮೇಲೆ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ನಾನು ಅಡುಗೆಮನೆಯಲ್ಲಿ ಬಟ್ಟಲಿನ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ ಉಂಗುರ ಮುಳುಗಿಸಿದೆ. (ಬೇಕೆಂದೇ ಕಪ್ಪು ಬಣ್ಣ ಕೊಟ್ಟ ಒಡವೆಗೆ, ಹರಳು ಕೂರಿಸಿದ್ದಕ್ಕೆ ಇದನ್ನು ಮಾಡಬೇಡಿ.) ಕೊಳೆತ ಮೊಟ್ಟೆಯಂಥ ವಾಸನೆ ಎದ್ದಿತು, ಉಂಗುರ ಬೆಳ್ಳಗಾಗುತ್ತಾ ಬಂತು. ನೀಲವ್ವ ಪಕ್ಕದಲ್ಲೇ ನಿಂತಿದ್ದರು. ಈ ಸರವನ್ನು ನೀವು ಬಸುರಿಯಾಗಿದ್ದಾಗ ರಾತ್ರಿ ತೆಗೆಯುತ್ತಿರಲಿಲ್ಲವೇ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು, ಕುತೂಹಲಕ್ಕೆ.

ಅತ್ತೆಯ ಹೆದರಿಕೆಗೆ ತೆಗೆಯುತ್ತಲೇ ಇರಲಿಲ್ಲ, ಚುಚ್ಚಿದರೂ ತಡಕೊಂಡು ಮಲಗುತ್ತಿದ್ದೆ ಎಂದರು. ಬಟ್ಟಲಿನ ನೀರನ್ನೇ ನೋಡುತ್ತಾ, ಯಾರಿಗೂ ಅಲ್ಲದಂತೆ ಹೇಳಿದರು.

“ಶಾಂತವ್ವ ತಗೀತಿದ್ಲು. ಆಕಿ ಮೈ ಭಾಳ ನಾಜೂಕು. ನಾನs ತಗೊಂಡು ಡಬ್ಬಿಯೊಳಗ ಇಡತಿದ್ದೆ.”

ನಾನು ಉಂಗುರವನ್ನು ನೀರಿನಿಂದ ತೆಗೆದು ಒರೆಸಿ ಬೆರಳಿಗೆ ಹಾಕಿಕೊಂಡೆ.

ಸಂಜೆ ಕುಬಸಕ್ಕೆ ಯಾರನ್ನೆಲ್ಲ ಕರೆಯಬೇಕೆಂಬ ಮಾತು ಬಂತು. ಚಿಗಳ್ಳಿಗೆ ತಾವೇ ಹೋಗಿ ಹೇಳಿ ಬರುತ್ತೇನೆ ಎಂದರು ನೀಲವ್ವ. ಯಾರೂ ಯಾಕೆಂದು ಕೇಳಲಿಲ್ಲ. ಹೋಗಿ ಬಂದಿದ್ದಾರೆ. ಇಂಗಿನ ಡಬ್ಬಿಯ ವಿಷಯವನ್ನೂ ಹೇಳಿದರಂತೆ. ಶಾಂತವ್ವ ಎಲ್ಲ ಕೇಳಿ, ಚಹಾ ಮಾಡಿ ಕೊಟ್ಟರಂತೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಬೆಳ್ಳಿಗೆ ಹತ್ತಿದ ಕಪ್ಪಿಗೆ ಒಂದು ಚಮಚ ಸೋಡಾ ಸಾಕು, ಶಾಂತವ್ವನವರಿಗೆ ಹತ್ತಿಸಿದ್ದಕ್ಕೆ ಏನು ಹಾಕಿ ತಿಕ್ಕುವುದು?