ನೀನಾ ಅಜ್ಜಿಯ ಕೈಜಾರಿದ ಹಾಳೆಗಳು

ಆಗಿನ್ನೂ ಮೆಲ್ಬರ್ನ್ ಪಕ್ಕದ ನಮ್ಮ ವೆರಿಬೀಯಲ್ಲಿ ಇಂಡಿಯನ್ ಅಂಗಡಿ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ. ಆ ಚಳಿಗಾಲದ ರಜೆಯಲ್ಲಿ ಮನೆಯಲ್ಲಿದ್ದವರು ನಾನು, ಅಪ್ಪ, ಅಮ್ಮ ಮತ್ತು ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮನ ಅಪ್ಪ. ಅಮ್ಮ ಮೆಲ್ಬರ್ನಿನ ಥಿಯೇಟರೊಂದರಲ್ಲಿ ನಟರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿಗೆ ರಷ್ಯಾದ ನಾಟಕ ಕಂಪನಿಯೊಂದು ಬಂತು. ಅವರ ನಾಡಿನಲ್ಲಿ ಎಲ್ಲರೂ ಬಲ್ಲ ಹಳೆಯ ನಾಟಕ. ಬಂದಿಳಿದ ದಿನವೇ ಅವರ ಬಾಲನಟಿಗೆ ಸೀತಾಳೆ ಎದ್ದಿತು. ಅವಳ ಫ್ರಾಕು ನನಗೆ ಸರಿಹೋಯಿತು. ಮಾತಿಲ್ಲದ ಪಾತ್ರ; ಮುದಿ ದಾದಿಯ ಪಕ್ಕ ನಿಂತರೆ ಸಾಕು. ಆಮೇಲೆ ಸಿಡ್ನಿಯ ಪ್ರದರ್ಶನಕ್ಕೂ ನಾನೇ ಎಂದಾಯಿತು.

ದಾದಿಯ ಪಾತ್ರ ನೀನಾ ಅಜ್ಜಿಯದು. ಅವರ ಕೋಣೆಗೆ ಕಾಲಿಟ್ಟರೆ ಇಸ್ತ್ರಿಯ ಹಬೆ, ಪೌಡರು, ನಿಂಬೆಹೋಳು ಹಾಕಿದ ಕರಿ ಟೀ ಎಲ್ಲ ಕಲೆತ ವಾಸನೆ. ನನ್ನನ್ನು 'ದೋಚ್ಕಾ' ಎನ್ನುತ್ತಿದ್ದರು. ನಮ್ಮಲ್ಲಿ ಮಗಳೇ ಎಂದ ಹಾಗೆ. ಅಮ್ಮ ಕಟ್ಟಿಕೊಟ್ಟ ಕೋಡುಬಳೆಯನ್ನು ಟೀಯಲ್ಲಿ ಅದ್ದಿ ತಿನ್ನುವರು. ಹಳೇ ಕೋಟಿನ ಗುಂಡಿಗಳಲ್ಲಿ ನಾನು ಅವರಿಗೆ ಐದು ಕಲ್ಲಿನಾಟ ಕಲಿಸಿದೆ. ಸೋತರೆ ಮಕ್ಕಳಿಗಿಂತ ಹೆಚ್ಚು ಜಗಳ!

ಒಂದು ದಿನ ದುಭಾಷಿ ಲೇನಾಳಿಂದ ಕೇಳಿದ್ದನ್ನು ಅಮ್ಮ ಅಜ್ಜನಿಗೆ ಹೇಳಿದಳು. "ಪಾಪ, ಆಕೆಗೆ ಮಾತು ಮರೆತುಹೋಗ್ತಿದ್ಯಂತೆ ಅಪ್ಪಾ. ಇನ್ನೊಂದ್ಸಲ ಸ್ಟೇಜ್ ಮೇಲೆ ತಡವರಿಸಿದ್ರೆ ವಾಪಸ್ ಕಳಿಸ್ತಾರಂತೆ."

"ನಾನು ದಿನಾ ಕನ್ನಡಕ ಎಲ್ಲಿಟ್ಟೆ ಅಂತ ಮರೀತೀನಿ. ನನ್ನನ್ನೂ ಪ್ಲೇನ್ ಹತ್ತಿಸಿಬಿಡು," ಎಂದರು ಅಜ್ಜ. ನನಗೆ ನಗು ಬರಲಿಲ್ಲ.

ಅದಾಗಿ ಮೂರನೆಯ ದಿನ, ಇನ್ನೇನು ಪರದೆ ಏಳಬೇಕು, ನೀನಾ ಅಜ್ಜಿ ಮಾತು ಗಟ್ಟಿ ಮಾಡಿಕೊಳ್ಳುತ್ತಿದ್ದ ಹಾಳೆಗಳು ಕೈಜಾರಿ ಬಿದ್ದವು. ಹಾಳೆಗೆ ಕಾಲು ತಾಗಿದರೆ ನಮ್ಮ ಮನೆಗಳಲ್ಲಿ ಏನಾಗುತ್ತಿತ್ತೆಂದು ನಿಮಗೂ ಗೊತ್ತು. ಓಡಿಹೋಗಿ ಎತ್ತಿದೆ, ಕಣ್ಣಿಗೊತ್ತಿಕೊಂಡೆ, ಕೊಡಲು ಹೋದೆ. ಅಜ್ಜಿಯ ಮುಖ ಬಿಳಿಚಿಕೊಂಡಿತು.

ಬಿದ್ದ ಹಾಳೆಯ ಮೇಲೆ ನಟರು ಮೊದಲು ಕೂರಬೇಕು, ಆಮೇಲೇ ಎತ್ತಬೇಕು. ಇಲ್ಲದಿದ್ದರೆ ಮಾತು ಮರೆಯುತ್ತದೆ ಎಂಬುದು ಅವರ ನಂಬಿಕೆ ಎಂದು ಲೇನಾ ಇಂಗ್ಲಿಷಿನಲ್ಲಿ ಗಡಬಡಿಸಿ ಹೇಳಿದಳು. ಬೇಗ ಕೆಳಗಿಡಬೇಕಂತೆ.

"ಇಡೇ ಚಿನ್ನೂ, ಅವ್ರ ಪದ್ಧತಿ ಅವ್ರಿಗೆ," ಎಂದಳು ಅಮ್ಮ.

"ಸರಸ್ವತಿ ಕಣಮ್ಮಾ! ಅದ್ರ ಮೇಲೆ ಕೂರೋದಾ?"

ಹಾಳೆಗಳನ್ನು ಎದೆಗವಚಿಕೊಂಡು ನಿಂತೆ. ಗಂಟೆ ಬಾರಿಸಿತು. ನೀನಾ ಅಜ್ಜಿ ನನ್ನ ಕೆನ್ನೆ ತಟ್ಟಿ ಹಾಗೇ ಹೊರಟರು.

ಕೊನೆಯ ದೃಶ್ಯದಲ್ಲಿ ಅವರ ಮಾತು ನಿಂತಿತು. ಮರೆಯಿಂದ ಯಾರೋ ಎರಡು ಸಲ ಪಿಸುಗುಟ್ಟಿದರು. ಅಜ್ಜಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು, ನಾನೇ ಹೇಳಿಕೊಡುತ್ತೇನೋ ಎಂಬಂತೆ. ಪರದೆ ಇಳಿಸಿದರು.

ಮರುದಿನ ನೀನಾ ಅಜ್ಜಿಯನ್ನು ಊರಿಗೆ ವಾಪಸ್ ಕಳಿಸುವಾಗ ಅಮ್ಮ ನನ್ನನ್ನು ಹೋಟೆಲಿಗೆ ಕರೆದೊಯ್ದಳು. "ನಿನ್ನಿಂದಲ್ಲ ಅಂತಿದ್ದಾರೆ," ಎಂದು ಅಜ್ಜಿಯ ಮಾತನ್ನು ಲೇನಾಳಿಂದ ಕೇಳಿ ಅಮ್ಮ ತಿಳಿಸಿದಳು.

ಅದು ಮರೆವಿನ ಕಾಯಿಲೆಯೆಂದು ಈಗ ನನಗೆ ಗೊತ್ತು. ಗೊತ್ತಾಗಿ ಏನೂ ಹಗುರಾಗಲಿಲ್ಲ. ಅಜ್ಜ ಇಲ್ಲ; ಅಂಥ ಕಂಪನಿಗಳೂ ಇತ್ತ ಬರುವುದಿಲ್ಲ. ನಾನು ಮಾಡುತ್ತಿರುವುದೇ ಸರಿ ಎಂದು ಆ ಸಂಜೆಯಷ್ಟು ಗಟ್ಟಿಯಾಗಿ ಮತ್ತೆಂದೂ ನಂಬಲಾಗಲಿಲ್ಲ.

ನೀನಾ ಅಜ್ಜಿ ಹೋದ ಮರುವಾರ ಸಿಡ್ನಿಯಲ್ಲಿ ಬೇರೊಬ್ಬರು ದಾದಿಯಾದರು. ಒಂದು ಮಾತೂ ತಪ್ಪಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರ ಜೊತೆ ನಾನೂ ಬಾಗಿದೆ.